ವಾಕಿಂಗ್ ಹೊರಟ ಒಳಕಲ್ಲು

ಕಳೆದ ಗುರುವಾರ ಮಧ್ಯಾಹ್ನ ನಮ್ಮ ಅಕ್ಕನ ಒಳಕಲ್ಲು ವಾಕಿಂಗ್ ಹೊರಟಿತು.

ತಮಾಷೆ ಮಾಡುತ್ತಿಲ್ಲ. ಚಟ್ನಿ ಅರೆಯಲು ಅಕ್ಕ ಅದರ ಮುಂದೆ ಕುಳಿತು ಗುಂಡು ತಿರುಗಿಸಲು ಶುರು ಮಾಡಿದಾಗ ಅದು ಸಿಂಕಿನ ಪಕ್ಕದಲ್ಲಿತ್ತು. ಮೆಣಸಿನಕಾಯಿ ಅರ್ಧ ನುರಿಯುವಷ್ಟರಲ್ಲಿ ಒಲೆಕಟ್ಟೆಯ ಕಡೆ ಹೊರಟಿತ್ತು. ಅಕ್ಕ ಕುಳಿತ ಮಣೆಯನ್ನು ಎಳೆದುಕೊಳ್ಳುತ್ತ ಅದರ ಬೆನ್ನು ಹತ್ತಿದ್ದಳು. ಕಲ್ಲು ಒಂದಿಷ್ಟು ಜರುಗುವುದು, ಅಕ್ಕ ಒಂದಿಷ್ಟು ಜರುಗುವುದು. ಬಾಗಿಲಲ್ಲಿ ನಿಂತ ಗೂಡ್ಸ್ ಆಟೊದ ಖಾಜಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಅಣ್ಣಾ, ಹಿಂಗ ಬಿಟ್ರ ಇಬ್ರೂ ಸಂಜಿಗೆ ಹಂಪಿ ಮುಟ್ತಾರ. ನನ್ನ ಗಾಡಿ ಯಾಕ ಬೇಕಿತ್ತು ನಿಮಗ?"

ನಾನು ನಗಲಿಲ್ಲ. ಆ ಕಲ್ಲನ್ನು ತಂದವನು ನಾನು. ಅಲ್ಲಿ ಇಡಿಸಿದವನು ನಾನು. ಅದರ ಕೆಳಗಿನ ಟೈಲ್ಸ್ ಆರಿಸಿದವನೂ ನಾನೇ. ಮರುದಿನ ಬೆಳಿಗ್ಗೆ ಕಡ್ಡಿರಾಂಪುರದ ರಸ್ತೆ ಬದಿಯಲ್ಲಿ ಅಕ್ಕನ ಖಾನಾವಳಿಯ ಓಪನಿಂಗ್. ಹೊರಗೆ ಬೋರ್ಡು ಆಗಲೇ ಏರಿತ್ತು. ಅಕ್ಕನ ಹೆಸರಿನ ಕೆಳಗೆ ದಪ್ಪ ಕೆಂಪು ಅಕ್ಷರ: "ಒಳಕಲ್ಲಿನಲ್ಲಿ ಕೈಯಾರೆ ಅರೆದ ಚಟ್ನಿ." ಈ ಬೋರ್ಡಿನ ಐಡಿಯಾ ಯಾರದು? ದಯವಿಟ್ಟು ಕೇಳಬೇಡಿ.

ಈ ಅಂಕಣ ಓದುವವರಿಗೆ ನನ್ನ ಪರಿಚಯ ಹೇಳಬೇಕಾಗಿಲ್ಲ. ಹೊಸಬರಿಗಾಗಿ ಒಂದು ಮಾತು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಮೊಳೆ, ಹಗ್ಗ, ಪೈಪು, ಬೀಗ. ಮೊದಲು ತಳ್ಳುಗಾಡಿಯಲ್ಲಿ ಇದನ್ನೇ ಮಾರುತ್ತಿದ್ದೆ. ಚೌಕಾಸಿ ನನ್ನ ವಿದ್ಯೆ. ಸೀರೆ ಅಂಗಡಿಯಲ್ಲಿ ನಾನು ಬಾಯಿ ತೆರೆದರೆ ನನ್ನ ಹೆಂಡತಿ ದೂರ ಹೋಗಿ ನಿಲ್ಲುತ್ತಾಳೆ (ಸಂಬಂಧವೇ ಇಲ್ಲದವಳಂತೆ). ಜಗತ್ತಿನಲ್ಲಿ ಮಾತಾಡಿ ಬಗ್ಗಿಸಲಾಗದ ಪಾರ್ಟಿ ಇಲ್ಲ ಎಂದು ನಂಬಿಕೊಂಡಿದ್ದೆ. ಗುರುವಾರದವರೆಗೆ.

ಇನ್ನು ಅಕ್ಕ. ಗೌರಕ್ಕ ಎಂದರೆ ಕಂಪ್ಲಿಯಲ್ಲಿ ಗೊತ್ತಿಲ್ಲದವರು ಕಡಿಮೆ. ರೈಸ್‌ಮಿಲ್ಲಿನವರ ಮನೆ ಮದುವೆಯಿರಲಿ, ನಾಮಕರಣವಿರಲಿ, ಒಲೆಯ ಮುಂದೆ ಆಕೆಯೇ. ಉಂಡವರು ಯಜಮಾನರನ್ನು ಹೊಗಳಿ ಹೋಗುತ್ತಿದ್ದರು. ಈ ವರ್ಷ ಒಂದು ದಿನ ಫೋನ್ ಮಾಡಿ ಹೇಳಿದಳು: "ತಮ್ಮಾ, ಮಂದಿ ಒಲಿ ಮುಂದ ನಿಂತಿದ್ದು ಸಾಕು. ಇನ್ನ ನನ್ನ ಒಲಿ ಮುಂದ ನಿಂದ್ರಬೇಕು." ಹಂಪಿಗೆ ಹೋಗಿಬರುವವರು ಹಸಿದುಕೊಂಡು ಹಾಯುವ ಜಾಗ ಕಡ್ಡಿರಾಂಪುರ. ಅಲ್ಲೊಂದು ಮಳಿಗೆ ನಾನೇ ಹುಡುಕಿಕೊಟ್ಟೆ. ಆಕೆಯದು ಒಂದೇ ಷರತ್ತು. ಕಂಪ್ಲಿ ಮನೆಯ ಒಳಕಲ್ಲು ಬರಬೇಕು. ಆಕೆಯ ಅತ್ತೆ ಅರೆದದ್ದು, ಆಕೆ ಸೊಸೆಯಾಗಿ ಬಂದ ದಿನ ಅರಿಶಿನ ಕುಂಕುಮ ಇಟ್ಟು ಕೈ ಮುಗಿದದ್ದು.

"ಬರೇ ಕಲ್ಲು ತಾನೇ? ತಂದುಬಿಡೋಣ" ಎಂದೆ.

ನಮ್ಮ ಕಡೆಯ ಹಳೆ ಅಡುಗೆಮನೆಗಳನ್ನು ನೆನಪಿಸಿಕೊಳ್ಳಿ. ಒಳಕಲ್ಲನ್ನು ನೆಲದಲ್ಲಿ ಹೂತಿರುತ್ತಾರೆ. ಕಾಣುವುದು ಬಾಯಿ ಮಾತ್ರ. ಕಂಪ್ಲಿಯ ಅಡುಗೆಮನೆಯ ಮೂಲೆಯಲ್ಲಿ ಆ ಬಾಯಿಯನ್ನು ತೋರಿಸಿ, ರೈಸ್‌ಮಿಲ್ಲಿನ ಹಮಾಲರ ಜೊತೆ ರೇಟು ಮಾತಾಡಿದೆ. ಅವರ ಮುಖಂಡ ಹನುಮಂತಪ್ಪ ಕೇಳಿದ: "ಸಾವ್ಕಾರ್ರ, ನೆಲದ ಕೆಳಗ ಎಷ್ಟೈತಿ?"

"ಎಷ್ಟಿರುತ್ತದೆ? ಗೇಣುದ್ದ" ಎಂದೆ. ಬಿಗಿಯಾಗಿ ಚೌಕಾಸಿ ಮಾಡಿದೆ. ಒಪ್ಪಿಕೊಂಡ. ಅಗೆಯಲು ಶುರು ಮಾಡಿದರು.

ಅಗೆದರು. ಅಗೆದರು. ಕಲ್ಲು ಮುಗಿಯಲೊಲ್ಲದು! ಮೇಲೆ ಬಟ್ಟಲಿನಷ್ಟು ಕಂಡದ್ದು ಕೆಳಗೆ ಕೊಡದಷ್ಟಾಯಿತು, ಆಮೇಲೆ ಗುಡಾಣದಷ್ಟಾಯಿತು. ತಳ ಮಾತ್ರ ಉಬ್ಬುತಗ್ಗು, ಉಳಿಯೇ ಮುಟ್ಟಿರಲಿಲ್ಲ. ಹನುಮಂತಪ್ಪ ಗುಂಡಿಯ ಒಳಗಿನಿಂದ ತಲೆ ಎತ್ತಿ ನೋಡಿದ. "ಸಾವ್ಕಾರ್ರ, ನಿಮ್ಮ ಗೇಣು ಭಾಳ ಉದ್ದ ಐತಿ ನೋಡ್ರಿ." ಅವನ ಜೊತೆಯವರು ಕಲ್ಲಿನ ಮೇಲೆ ಕೈಯಿಟ್ಟುಕೊಂಡು ನಕ್ಕರು. ನಾನು ಆ ನಗುವನ್ನೂ ಲೆಕ್ಕಕ್ಕೆ ಸೇರಿಸಿ ರೇಟು ಹೆಚ್ಚಿಸಿದೆ.

ಆಗಲೇ ನನ್ನ ವ್ಯಾಪಾರಿ ಬುದ್ಧಿಗೆ ಒಂದು ಉಪಾಯ ಹೊಳೆಯಿತು. "ಅಕ್ಕಾ, ಅರೆಯುವುದು ಮೇಲಿನ ಭಾಗದಲ್ಲಿ. ಕೆಳಗಿನದು ವೇಸ್ಟು. ಕಲ್ಲು ಕೊಯ್ಯುವ ಮಷೀನು ತರಿಸಿ ಅರ್ಧಕ್ಕೆ ಕತ್ತರಿಸಿಬಿಡೋಣವಾ?"

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಊಟ ಮಾಡೋದು ಬಾಯಿಂದ. ಹಂಗಂತ ನಿನ್ನ ಸೊಂಟದ ಕೆಳಗ ಕತ್ತರಿಸಿದ್ರ ನಿಂದ್ರತೀಯೇನಲೇ?"

ಉಪಾಯ ವಾಪಸ್ ಪಡೆದೆ.

ಹಾರೆ ಕೊಟ್ಟು ಮೀಟಿ, ಹಗ್ಗ ಹಾಕಿ ಎಳೆದು, ಕಲ್ಲನ್ನು ಅಂಗಳಕ್ಕೆ ತಂದರು. ಅದನ್ನು ಮೊದಲ ಸಲ ಅಲುಗಿಸಲು ಎಲ್ಲರ ಕತ್ತಿನ ನರವೂ ಉಬ್ಬಿತು. ಒಮ್ಮೆ ಹೊರಟ ಮೇಲೆ ಅಷ್ಟು ಕಷ್ಟವಾಗಲಿಲ್ಲ. ಕೆಳಗೆ ನನ್ನ ಅಂಗಡಿಯ ಕಬ್ಬಿಣದ ಪೈಪುಗಳನ್ನು ಅಡ್ಡಡ್ಡ ಹಾಕಿದ ಮೇಲಂತೂ ಉರುಳಿಕೊಂಡು ಬಂತು. ನನಗೆ ತಳ್ಳುಗಾಡಿಯ ದಿನಗಳು ನೆನಪಾದವು. ನಿಂತ ಗಾಡಿಯನ್ನು ಹೊರಡಿಸಲು ಎದೆ ಕೊಟ್ಟು ನೂಕಬೇಕು. ಹೊರಟ ಗಾಡಿಗೆ ಬೆರಳು ಸಾಕು. ಆದರೆ ಸ್ಟೇಶನ್ ರೋಡಿನಲ್ಲಿ ಗಿರಾಕಿ "ಏ ನಿಂದ್ರು" ಎಂದಾಗ ಅದೇ ಗಾಡಿಯನ್ನು ನಿಲ್ಲಿಸಲು ಮತ್ತೆ ಎದೆ ಕೊಟ್ಟು ಹಿಂದಕ್ಕೆ ಎಳೆಯಬೇಕು. ಗಾಡಿಗೆ ಹೊರಡಲೂ ಮನಸ್ಸಿಲ್ಲ, ನಿಲ್ಲಲೂ ಮನಸ್ಸಿಲ್ಲ. ಇದ್ದ ಹಾಗೆ ಇರಬೇಕು. (ನಮ್ಮ ಮನೆಗಳಲ್ಲೂ ಇಂಥವರಿದ್ದಾರೆ. ಹೆಸರು ಹೇಳುವುದಿಲ್ಲ.)

ಹಲಗೆ ಹಚ್ಚಿ ಖಾಜಾನ ಗಾಡಿಗೆ ಏರಿಸಿದೆವು. ಖಾಜಾ ಕೇಳಿದ: "ಅಣ್ಣಾ, ಹಗ್ಗ ಕಟ್ಟೋಣೇನು?"

ಹಗ್ಗ ಮಾರುವವನು ನಾನು. ಆದರೂ ಹೇಳಿದೆ: "ಇಷ್ಟು ಭಾರದ ಕಲ್ಲು ಎಲ್ಲಿಗೆ ಓಡಿ ಹೋಗುತ್ತದೆ? ನಡಿ, ಜಲ್ದಿ."

ಕಮಲಾಪುರದ ಹತ್ತಿರ ಬಾಳೆತೋಟದಿಂದ ಕುರಿಹಿಂಡು ರಸ್ತೆಗೆ ಇಳಿಯಿತು. ಖಾಜಾ ಬ್ರೇಕು ಒತ್ತಿದ. ಗಾಡಿ ನಿಂತಿತು. ಕಲ್ಲು ನಿಲ್ಲಲಿಲ್ಲ! ಸರ್ರನೆ ಮುಂದಕ್ಕೆ ಬಂದು ನಮ್ಮ ಬೆನ್ನ ಹಿಂದಿನ ತಗಡಿಗೆ ಧಡಾರ್ ಎಂದು ಬಡಿಯಿತು. ನಾವಿಬ್ಬರೂ ಗಾಜಿಗೆ ಹಣೆ ಕೊಟ್ಟೆವು. ಕುರಿಗಳು ನಮ್ಮನ್ನು ನೋಡುತ್ತ ದಾಟಿದವು. ಖಾಜಾ ನಿಧಾನವಾಗಿ ನನ್ನ ಕಡೆ ತಿರುಗಿದ. "ಬ್ರೇಕ್ ಗಾಡಿಗೆ ಐತಣ್ಣ. ಕಲ್ಲಿಗೆ ಯಾರು ಹೇಳಬೇಕು?"

ಓದುಗರೇ, ಒಂದು ಸಲಹೆ. ಭಾರವಾದ ಸಾಮಾನು ತಾನೇ ಎಂದು ಹಗ್ಗ ಉಳಿಸಬೇಡಿ. ಭಾರವಿದ್ದಷ್ಟೂ ನಿಲ್ಲಲಾರೆನೆಂಬ ಹಟ ಜಾಸ್ತಿ. (ಒಳ್ಳೆಯ ಹಗ್ಗ ಎಲ್ಲಿ ಸಿಗುತ್ತದೆ ಎಂದು ಹೇಳುವುದಿಲ್ಲ. ಚಿತ್ತವಾಡ್ಗಿಗೆ ಬಂದು ಯಾರನ್ನಾದರೂ ಕೇಳಿ.)

ಅಂತೂ ಹಗ್ಗ ಬಿಗಿದು ಕಡ್ಡಿರಾಂಪುರ ಮುಟ್ಟಿದೆವು. ಅಕ್ಕ, ಹಮಾಲರು ಬಸ್ಸಿನಲ್ಲಿ ಬಂದು ಸೇರಿಕೊಂಡರು. ಈಗ ಟೈಲ್ಸಿನ ಕಥೆ.

ಅಡುಗೆಮನೆಯ ನೆಲಕ್ಕೆ ಹಾಕಿಸಿದ ಟೈಲ್ಸ್ ನನ್ನ ಜೀವನದ ದೊಡ್ಡ ಚೌಕಾಸಿ. ಗೋಡೌನಿನಲ್ಲಿ ಉಳಿದಿದ್ದ ಕೊನೆಯ ಲಾಟು. ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳಬಹುದು, ಅಂಥ ಹೊಳಪು. ಮಾರಿದವನು ಕೊನೆಗೆ ಕೈ ಮುಗಿದು "ತಗೊಂಡು ಹೋಗ್ರಿ, ಮತ್ತ ಬರಬ್ಯಾಡ್ರಿ" ಎಂದಿದ್ದ. ಬಂದವರಿಗೆಲ್ಲ ನಾನು ಮೊದಲು ತೋರಿಸುತ್ತಿದ್ದುದು ಆ ನೆಲ. ಅದನ್ನು ಒಡೆದು ಕಲ್ಲು ಹೂಳುವುದೇ? ಸಾಧ್ಯವೇ ಇಲ್ಲ. "ಮೇಲೇ ಇಡೋಣ ಅಕ್ಕಾ. ಗುಡಾಣದಂಥ ಕಲ್ಲು. ಯಾರ ಅಪ್ಪನಿಗೂ ಅಲ್ಲಾಡುವುದಿಲ್ಲ" ಎಂದೆ. ಅಕ್ಕ ಒಮ್ಮೆ ಟೈಲ್ಸ್ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ಕಲ್ಲು ತೊಳೆಯಲು ಬಕೆಟ್ಟಿಗೆ ನೀರು ಬಿಟ್ಟಳು. ಹಮಾಲರು ಇಟ್ಟು, ತಳಕ್ಕೆ ಹಂಚಿನ ಚೂರು ಸಿಕ್ಕಿಸಿ ಹೋದರು.

ಅಕ್ಕ ಕಲ್ಲು ತೊಳೆದಳು. ಅರಿಶಿನ ಕುಂಕುಮ ಹಚ್ಚಿದಳು. ಶೇಂಗಾ, ಹಸಿಮೆಣಸಿನಕಾಯಿ, ಉಪ್ಪು ಹಾಕಿ ಗುಂಡು ತಿರುಗಿಸಿದಳು. ಹಂಚಿನ ಚೂರುಗಳು ಒಂದೊಂದೇ ಹೊರಗೆ ಹಾರಿದವು. ಕಲ್ಲು ಅತ್ತ ಇತ್ತ ತೂಗಿ, ನೀರು ಬಿದ್ದ ಟೈಲ್ಸಿನ ಮೇಲೆ ಜರುಗತೊಡಗಿತು. ಮುಂದಿನದು ನಿಮಗೆ ಗೊತ್ತು.

ಅಷ್ಟರಲ್ಲಿ ಅಕ್ಕನ ಮಗಳು ಸವಿತಾ ಬಂದಳು. ಸಂಡೂರಿನಲ್ಲಿ ಹೈಸ್ಕೂಲು ವಿಜ್ಞಾನದ ಟೀಚರ್. ರಜೆ ಹಾಕಿ ಓಪನಿಂಗಿಗೆ ಬಂದಿದ್ದಳು. ಬಾಗಿಲಲ್ಲೇ ಬ್ಯಾಗು ಇಳಿಸಿ, ಅವ್ವ ಕಲ್ಲಿನ ಹಿಂದೆ ಹೋಗುವುದನ್ನು ನೋಡಿ, ಅಲ್ಲೇ ಕುಸಿದು ಕುಳಿತು ನಕ್ಕಳು.

"ಮಾಮಾ, ಬಲದ ಪಾಠ ಇದ ವಾರ ಮಾಡಾಕತ್ತೀನಿ. ಮಕ್ಕಳನ್ನ ಕರಕೊಂಡು ಬರಬೇಕಿತ್ತು!"

"ನಗುವುದು ಆಮೇಲೆ. ಇದು ಯಾಕೆ ಓಡುತ್ತಿದೆ ಹೇಳು."

"ಅವ್ವ ಗುಂಡನ್ನ ನೂಕ್ತಾಳ. ಗುಂಡು ಕಲ್ಲಿನ ಒಳಗೋಡಿನ್ನ ನೂಕ್ತೈತಿ. ಕಲ್ಲು ಹೋಗಬಾರದು ಅಂದ್ರ ಹೊರಗಿನಿಂದ ಯಾರಾದ್ರೂ ಅಷ್ಟ ಜೋರಿಲೆ ತಿರುಗಿ ನೂಕಬೇಕು. ಕಂಪ್ಲ್ಯಾಗ ಸುತ್ತಲಿನ ನೆಲ ನೂಕ್ತಿತ್ತು. ಇಲ್ಲಿ ಯಾರದಾರ?"

"ನೆಲ ನೂಕುತ್ತಿತ್ತಾ? ಸುಮ್ಮನೆ ಬಿದ್ದುಕೊಂಡಿರುವ ನೆಲ?"

"ಸುಮ್ನ ಎಲ್ಲಿ ಬಿದ್ದೈತಿ ಮಾಮಾ? ಭೂಮಿ ನಿಮ್ಮನ್ನ ಕೆಳಗ ಎಳೀತೈತಿ. ಟೈಲ್ಸ್ ನಿಮ್ಮನ್ನ ಮ್ಯಾಲೆ ನೂಕ್ತೈತಿ. ಎರಡೂ ಸಮ ಅದಾವ, ಅದಕ್ಕ ನಿಂತೀರಿ. ಇಲ್ಲಂದ್ರ ಇಷ್ಟೊತ್ತಿಗೆ ಪಾತಾಳಕ್ಕ ಹೋಗಿ ಅಲ್ಲೂ ಚೌಕಾಸಿ ಮಾಡ್ತಿದ್ರಿ."

ಖಾಜಾ ಚಪ್ಪಾಳೆ ತಟ್ಟಿದ.

ಆದರೆ ಈ ಮಾತು ನನ್ನ ತಲೆಗೆ ಥಟ್ಟನೆ ಹತ್ತಿತು. ವ್ಯಾಪಾರದಲ್ಲಿ ಇದನ್ನು ದಿನಾ ನೋಡುತ್ತೇನಲ್ಲ? ಗಿರಾಕಿ ಕೆಳಗೆ ಎಳೆಯುತ್ತಾನೆ, ನಾನು ಮೇಲೆ ಎಳೆಯುತ್ತೇನೆ. ರೇಟು ಇದ್ದಲ್ಲೇ ನಿಂತಿರುತ್ತದೆ. ದೂರದಿಂದ ನೋಡುವವನಿಗೆ ಏನೂ ನಡೆಯುತ್ತಿಲ್ಲ. ಆದರೆ ನಮ್ಮಿಬ್ಬರ ಬೆವರು ಕೇಳಿ! ಒಬ್ಬ ಸ್ವಲ್ಪ ಸಡಿಲಬಿಟ್ಟರೆ ರೇಟು ಅತ್ತ ಜಾರುತ್ತದೆ. ನಿಂತದ್ದೆಲ್ಲ ಸುಮ್ಮನೆ ನಿಂತಿಲ್ಲ. ಎರಡೂ ಕಡೆಯಿಂದ ಹಿಡಿದದ್ದಕ್ಕೇ ನಿಂತಿದೆ.

ಹಂಪಿಯಲ್ಲಿ ಒಂದರ ಮೇಲೊಂದು ಕುಳಿತ ಬಂಡೆಗಳ ಮುಂದೆ ನಿಂತು, ಕೈ ಚಾಚಿ ನೂಕಿದ ಹಾಗೆ ಫೋಟೊ ತೆಗೆಸಿಕೊಳ್ಳುತ್ತಾರಲ್ಲ ಟೂರಿಸ್ಟರು? ಅವರು ನೂಕುವುದು ಫೋಟೊಗೆ. ಆ ಬಂಡೆಗಳು ಒಂದನ್ನೊಂದು ನಿಜವಾಗಿ ನೂಕುತ್ತ ಕುಳಿತಿವೆ. ಆ ನೂಕಾಟಕ್ಕೆ ಯಾರೂ ಕ್ಯಾಮೆರಾ ಹಿಡಿಯುವುದಿಲ್ಲ.

ಸರಿ, ತತ್ವ ತಿಳಿಯಿತು. ಕಲ್ಲು ನಿಲ್ಲಬೇಕಲ್ಲ?

ಸವಿತಾ ಹೇಳಿದಳು: "ಘರ್ಷಣೆ ಸಾಲವಲ್ದು ಮಾಮಾ. ನೆಲ ನುಣ್ಣಗ ಐತಿ, ಮ್ಯಾಲೆ ನೀರು ಬೇರೆ. ಗೋಣಿಚೀಲ ಹಾಸೋಣ." ಒರೆಸಿ ಒಣಗಿಸಿ, ಗೋಣಿಚೀಲ ಮಡಚಿ ಹಾಸಿ, ಎಲ್ಲರೂ ಸೇರಿ ಕಲ್ಲನ್ನು ವಾಲಿಸಿ ಕೂರಿಸಿದೆವು. ಅಕ್ಕ ತಿರುಗಿಸಿದಳು. ಜಾರುವುದು ನಿಂತಿತು. ಆದರೆ ತಳ ಉಬ್ಬುತಗ್ಗು ಎಂದೆನಲ್ಲ, ಕುಡಿದವನ ಹಾಗೆ ತೂಗತೊಡಗಿತು. ತೂಗುತ್ತ ತೂಗುತ್ತ ಗೋಣಿಚೀಲವನ್ನೂ ಸುಕ್ಕು ಮಾಡಿ ಜೊತೆಗೆ ಎಳೆದುಕೊಂಡು ಹೊರಟಿತು.

"ಪುಸ್ತಕದಾಗಿನ ಕಲ್ಲಿನ ತಳ ಸಪಾಟ ಇರ್ತೈತಿ ಮಾಮಾ" ಎಂದು ಟೀಚರಮ್ಮ ತಲೆ ಕೆರೆದುಕೊಂಡಳು.

ಖಾಜಾ ತನ್ನ ಗಾಡಿಯ ಹಳೇ ಟಯರು ತಂದು ಕಲ್ಲಿನ ಕೆಳಗೆ ಹಾಕೋಣ ಎಂದ. ಹಾಕಿದೆವು. ಈಗ ಕಲ್ಲು ಓಡಲಿಲ್ಲ, ಕುಣಿಯಿತು. ಚಟ್ನಿ ಗೋಡೆಗೆ ಹಾರಿತು. ಒಂದು ಹನಿ ಖಾಜಾನ ಕಣ್ಣಿಗೂ ಹೋಯಿತು. "ಯಾ ಅಲ್ಲಾ, ಖಾರ ಮಸ್ತ್ ಐತಿ ಗೌರಕ್ಕ" ಎಂದು ಅಳುತ್ತಲೇ ಸರ್ಟಿಫಿಕೇಟು ಕೊಟ್ಟ.

ಕೊನೆಗೆ ನಾನು ಮೆಲ್ಲಗೆ ಹೇಳಿದೆ: "ಅಕ್ಕಾ, ಮಿಕ್ಸಿಯಲ್ಲಿ ಅರೆದು, ಒಂದು ಸಲ ಒಳಕಲ್ಲಿಗೆ ತೋರಿಸಿ ತಂದರೆ?"

"ಬೋರ್ಡಿನ ಮ್ಯಾಲೆ ನನ್ನ ಹೆಸರೈತಿ" ಎಂದಳು ಅಕ್ಕ. ಅಷ್ಟೇ. ಮಂದಿಯ ಒಲೆಯ ಮುಂದೆ ಇಷ್ಟು ವರ್ಷ ನಿಂತವಳ ಹೆಸರು ಮೊದಲ ಸಲ ಒಂದು ಬೋರ್ಡಿಗೆ ಬಂದಿತ್ತು. ಅದರ ಕೆಳಗೇ ಮೊದಲ ದಿನದಿಂದ ಸುಳ್ಳು ಬರೆದುಕೊಳ್ಳಬೇಕೇ?

ಟಯರು ತೆಗೆದೆವು. ಅಕ್ಕ ಮತ್ತೆ ಕಲ್ಲಿನ ಮುಂದೆ ಕುಳಿತಳು. ಈ ಸಲ ಕುಳಿತ ರೀತಿಯೇ ಬೇರೆ. ಒಂದು ಕಾಲು ಮಡಚಿ, ಇನ್ನೊಂದನ್ನು ಉದ್ದಕ್ಕೆ ಚಾಚಿ, ಪಾದವನ್ನು ಕಲ್ಲಿಗೆ ಒತ್ತಿ ಹಿಡಿದಳು. ಒತ್ತುವ ಮೊದಲು ಕಲ್ಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನಮ್ಮಲ್ಲಿ ಒಳಕಲ್ಲಿಗೆ ಕಾಲು ತಾಗಿಸುವುದಿಲ್ಲ. ಮಕ್ಕಳು ದಾಟಿದರೂ ಬೈಸಿಕೊಳ್ಳುತ್ತವೆ. ಅಂಥದ್ದರಲ್ಲಿ ಅತ್ತೆ ಪೂಜಿಸಿದ ಕಲ್ಲಿಗೆ, ಈಗಷ್ಟೇ ಕುಂಕುಮ ಹಚ್ಚಿದ ಕಲ್ಲಿಗೆ, ಅಕ್ಕ ಕಾಲು ಕೊಟ್ಟಿದ್ದಳು.

ಗುಂಡು ತಿರುಗಿತು. ಕಲ್ಲು ಅಲುಗಾಡಲಿಲ್ಲ. ಸವಿತಾ "ನಿಂತಿತು!" ಎಂದು ಕೂಗಿದಳು. ಖಾಜಾ ಒಂದೇ ಕಣ್ಣಲ್ಲಿ ನೋಡಿ "ವಾಹ್" ಎಂದ.

ನಾನು ಅಕ್ಕನ ಕಾಲು ನೋಡುತ್ತಿದ್ದೆ. ಮೊಣಕಾಲು ನಡುಗುತ್ತಿತ್ತು. ಅದು ಮೊದಲೇ ನೋವಿನ ಮೊಣಕಾಲು. ಗುಂಡು ಆ ಕಡೆ ಹೋದಾಗ ಪಾದ ಬಿಗಿ, ಈ ಕಡೆ ಬಂದಾಗ ಸಡಿಲು, ಮತ್ತೆ ಬಿಗಿ. ಕೈ ಎಷ್ಟು ನೂಕುತ್ತಿತ್ತೋ ಅಷ್ಟನ್ನೂ ಕಾಲು ತಡೆಯುತ್ತಿತ್ತು. ನೆಲ ಮಾಡಬೇಕಾದ ಕೆಲಸವನ್ನು ಅಕ್ಕನ ಕಾಲು ಮಾಡುತ್ತಿತ್ತು. ದಿನಾ ಬೆಳಿಗ್ಗೆ ಹೀಗೆ? ಪಾತ್ರೆಗಟ್ಟಲೆ ಚಟ್ನಿಗೆ? ನನ್ನ ಟೈಲ್ಸಿನ ಹೊಳಪಿಗಾಗಿ?

"ಸಾಕು ಏಳಕ್ಕಾ" ಎಂದೆ.

"ಇರಲಿ ಬಿಡು ತಮ್ಮಾ. ಹಿಂಗ ಮಾಡಿದ್ರ ಆಗತೈತಿ. ನೀನು ಅಷ್ಟು ಕಷ್ಟಬಿದ್ದು ತಂದ ನೆಲ ಯಾಕ ಕೆಡಿಸೋದು?"

ಆಗ ತಿಳಿಯಿತು. ಆಕೆಗೆ ಮೊದಲಿನಿಂದ ಗೊತ್ತಿತ್ತು! ಕಲ್ಲನ್ನು ಯಾಕೆ ಹೂಳುತ್ತಾರೆಂದು ಒಳಕಲ್ಲಿನ ಮುಂದೆ ಆಯುಷ್ಯ ಕಳೆದವಳಿಗೆ ಗೊತ್ತಿರುವುದಿಲ್ಲವೇ? ತಮ್ಮನ ಮುಖ ಬಾಡಬಾರದೆಂದು ಬಾಯಿ ಮುಚ್ಚಿಕೊಂಡಿದ್ದಳು.

ಖಾಜಾನ ಗಾಡಿಯಿಂದ ಸುತ್ತಿಗೆ, ಉಳಿ ತಂದೆ. ಸಿಂಕಿನ ಪಕ್ಕದ, ಎಲ್ಲಕ್ಕಿಂತ ಹೊಳೆಯುವ ಟೈಲ್ಸಿನಲ್ಲಿ ನನ್ನ ಮುಖ ಕಂಡಿತು. ಮೀಸೆ ಚೆನ್ನಾಗಿಯೇ ಇತ್ತು. ಸುತ್ತಿಗೆ ಎತ್ತಿ ಬಿಟ್ಟೆ. ಮುಖ ಚೂರಾಯಿತು.

"ಲೇ ಲೇ! ಏನ್ ಮಾಡಾಕತ್ತೀ?" ಎಂದು ಅಕ್ಕ ಚೀರಿದಳು. ಸವಿತಾ ಮೊದಲು ಬಾಯಿ ತೆರೆದು ನಿಂತಳು, ಆಮೇಲೆ ಸಲಿಕೆ ಹುಡುಕಲು ಓಡಿದಳು. ಸುತ್ತಿಗೆಯ ಏಟಿನಿಂದ ನನ್ನ ಅಂಗೈಯೂ ಜುಮ್ಮೆನ್ನುತ್ತಿತ್ತು. ನಾನು ಟೈಲ್ಸಿಗೆ ಹೊಡೆದಷ್ಟೇ ಟೈಲ್ಸೂ ನನಗೆ ಹೊಡೆದಿತ್ತು. ನ್ಯಾಯವೇ. ಈ ಲೋಕದಲ್ಲಿ ಒನ್‌ವೇ ಏಟು ಇಲ್ಲವೆಂದು ಸವಿತಾ ಹೇಳಿದಳು. ಅದೂ ಆಕೆಯ ಪಾಠದಲ್ಲಿ ಇದೆಯಂತೆ.

ಅಗೆಯುವುದರಲ್ಲಿ ಚೌಕಾಸಿ ಮಾಡಲಿಲ್ಲ. ಕಲ್ಲಿಗೆ ಎಷ್ಟು ಆಳ ಬೇಕೋ ಅಷ್ಟು. ಪೈಪಿನ ಮೇಲೆ ಉರುಳಿಸಿ, ಹಾರೆಯಿಂದ ಮೀಟಿ, ಅಕ್ಕಪಕ್ಕದ ಅಂಗಡಿಯವರನ್ನೂ ಕೂಗಿ ಕರೆದು ಕಲ್ಲನ್ನು ಇಳಿಸಿದೆವು. ಗುಂಡಿಗೆ ಕಲ್ಲು ಕುಳಿತಾಗ ಗುಮ್ಮೆಂದು ಒಂದು ಸದ್ದು ಬಂತು. ಉಂಡು ಎದ್ದವನ ತೇಗಿನ ಹಾಗಿತ್ತು. ಸುತ್ತ ಜಲ್ಲಿ, ಮಣ್ಣು ತುಂಬಿ ಬಡಿದು ಬಡಿದು ಗಟ್ಟಿ ಮಾಡಿದೆವು. ಮೇಲೆ ತೆಳ್ಳಗೆ ಸಿಮೆಂಟು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾಣುತ್ತಿದ್ದುದು ಬಾಯಿ ಮಾತ್ರ. ಕಂಪ್ಲಿಯಲ್ಲಿ ಹೇಗಿತ್ತೋ ಹಾಗೆ.

ಶುಕ್ರವಾರ ಬೆಳಿಗ್ಗೆ ಸ್ವಾಮಿಗಳು ಬಂದು ಪೂಜೆ ಮಾಡಿದರು. ಹಾಲು ಉಕ್ಕಿತು. ಅಕ್ಕ ಕಲ್ಲಿಗೆ ಹೂವು ಏರಿಸಿ, ಎರಡೂ ಕಾಲು ಮಡಚಿ, ಸೀರೆ ಸರಿಮಾಡಿಕೊಂಡು ಕುಳಿತಳು. ಗುಂಡು ತಿರುಗಿತು. ಘರ್ ಘರ್ ಎಂದು ಶೇಂಗಾ ನುರಿಯಿತು. ಕಲ್ಲು ಹೂವನ್ನೂ ಬೀಳಿಸಲಿಲ್ಲ.

ಮಂಡಕ್ಕಿ ಒಗ್ಗರಣೆ, ಮಿರ್ಚಿ, ಇಡ್ಲಿ, ಪಕ್ಕದಲ್ಲಿ ಆ ಚಟ್ನಿ. ಹಂಪಿಗೆ ಹೊರಟಿದ್ದ ಒಂದು ಟೆಂಪೊ ಮಂದಿ ಬೋರ್ಡು ಓದಿ ಇಳಿದರು, ಅಡುಗೆಮನೆಗೇ ನುಗ್ಗಿ ಅಕ್ಕನ ವಿಡಿಯೊ ಮಾಡಿಕೊಂಡರು. ಅವರಲ್ಲಿ ಒಬ್ಬ ಪೈಲ್ವಾನನಂಥವನು ತಾನೂ ಗುಂಡು ತಿರುಗಿಸುತ್ತೇನೆಂದು ಕುಳಿತು, ಸ್ವಲ್ಪ ಹೊತ್ತಿಗೆ ತೋಳು ಹಿಡಿದುಕೊಂಡು ಎದ್ದ. "ಕುಂದ್ರು ಕುಂದ್ರು, ಇನ್ನ ಉಪ್ಪು ಹಾಕಿಲ್ಲ" ಎಂದಳು ಅಕ್ಕ. ಎಲ್ಲರೂ ನಕ್ಕರು. ಹೊಗಳಿದವರು ಈ ಸಲ ಅಕ್ಕನನ್ನೇ ಹೊಗಳಿದರು. ಕಂಪ್ಲಿಯಿಂದ ಬಂದಿದ್ದ ಹನುಮಂತಪ್ಪ ಎರಡನೇ ಪ್ಲೇಟು ಕೇಳುತ್ತ ನನ್ನ ಕಿವಿಯಲ್ಲಿ ಹೇಳಿದ: "ಸಾವ್ಕಾರ್ರ, ಚಟ್ನಿ ನಿಮ್ಮ ಗೇಣಿನಿಂದ ಒಂದು ಗೇಣು ಹಾಕಿಸ್ರಿ."

ಕಲ್ಲಿನ ಸುತ್ತ ಒಡೆದ ಟೈಲ್ಸಿನ ಅಂಚು ಓರೆಕೋರೆಯಾಗಿದೆ. ಬಂದವರು ಕೇಳುತ್ತಾರೆ. ಡಿಸೈನು ಎನ್ನುತ್ತೇನೆ. ನಿಮಗೂ ಒಂದು ಸಲಹೆ: ಅಡುಗೆಮನೆಗೆ ಟೈಲ್ಸ್ ಕೊಳ್ಳುವಾಗ ಮುಖ ನೋಡಿಕೊಳ್ಳಬೇಡಿ. ಅಂಗಡಿಯವನ ಎದುರೇ ನೀರು ಚೆಲ್ಲಿ, ಬರಿಗಾಲಲ್ಲಿ ಉಜ್ಜಿ ನೋಡಿ.

ಆ ದಿನ ಅಂಗಡಿಗೆ ವಾಪಸ್ ಬಂದಾಗ ನನ್ನ ಹೆಂಡತಿ ಎಂದಿನಂತೆ ಗಲ್ಲಾಪೆಟ್ಟಿಗೆಯ ಹಿಂದೆ ಸುಮ್ಮನೆ ಕುಳಿತಿದ್ದಳು. ಊರೂರು ತಿರುಗಿ ಸರಕು ತರುವವನು ನಾನು, ಆಕೆಗೇನು, ಕುಳಿತಿರುತ್ತಾಳೆ ಎಂದು ಎಷ್ಟು ಸಲ ಹೇಳಿಲ್ಲ? ಅವತ್ತು ಯಾಕೋ ಬಾಗಿಲಲ್ಲೇ ನಿಂತು ನೋಡಿದೆ. ನಾನು ಕಲ್ಲಿನ ಹಿಂದೆ ಅಲೆದಷ್ಟು ಹೊತ್ತೂ ಅಂಗಡಿ ನಿಂತದ್ದು ಆಕೆ ಕುಳಿತದ್ದರಿಂದ.

ನಿಮ್ಮ ಮನೆಯಲ್ಲೂ ಇದ್ದಲ್ಲೇ ಇದ್ದು, "ಇವರಿಗೇನು ಕೆಲಸ" ಅನ್ನಿಸಿಕೊಳ್ಳುವವರು ಒಬ್ಬರಿರಬೇಕಲ್ಲ, ಅವರ ಕಾಲು ಎಲ್ಲಿ ಒತ್ತಿಕೊಂಡಿದೆ ಎಂದು ಎಂದಾದರೂ ನೋಡಿದ್ದೀರಾ?